ಎಲ್ಲ ಹುಳುವೂ 6ನೇ ತಾರೀಕೇ ಹುಟ್ಟಿದ್ದವು

ನಮ್ಮ ಚಿಕ್ಕಪ್ಪನದು ಶಿಡ್ಲಘಟ್ಟದ ಹತ್ತಿರ ಒಂದು ಚಾಕಿ ಕೇಂದ್ರ. ರೇಷ್ಮೆ ಬೆಳೆಯದ ಕಡೆಯವರಿಗೆ ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಮೊಟ್ಟೆಯಿಂದ ಆಗ ತಾನೇ ಬಂದ ರೇಷ್ಮೆ ಹುಳು ಕಪ್ಪಗೆ, ಕೂದಲಿನ ಚೂರಿನ ಹಾಗಿರುತ್ತದೆ. ಮೊದಲ ಏಳೆಂಟು ದಿನ ಅದನ್ನು ಸಾಕುವುದು ಬಲು ಸೂಕ್ಷ್ಮ. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಕೋಣೆಯ ಬಿಸಿ, ತೇವ ಎರಡೂ ಹದವಾಗಿರಬೇಕು. ಅದಕ್ಕೇ ನಮ್ಮ ಕಡೆ ಬಹಳ ರೈತರು ಮೊಟ್ಟೆ ತರುವ ಬದಲು, ಚಾಕಿ ಕೇಂದ್ರದಲ್ಲಿ ಸಾಕಿದ ಹುಳುವನ್ನೇ ತರುತ್ತಾರೆ. ಎರಡನೇ ಜ್ವರಕ್ಕೆ ಕೂತಾಗ ಹುಳುವನ್ನು ಕೊಡುವುದು ರೂಢಿ. ಜ್ವರ ಅಂದರೆ ಕಾಯಿಲೆ ಅಂದುಕೊಳ್ಳಬೇಡಿ, ಅದು ಪೊರೆ ಬಿಡುವ ಹೊತ್ತು. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸುಮಾರು ಒಂದು ದಿನ, ಅಷ್ಟೇ. ಅಷ್ಟರಲ್ಲಿ ಸಾಗಿಸಿಬಿಡಬೇಕು. ಜ್ವರದಿಂದ ಎದ್ದ ಮೇಲೆ ಅದಕ್ಕೆ ಹೊಟ್ಟೆ ತುಂಬ ಸೊಪ್ಪು ಬೇಕು.

ಹಾಗಾಗಿ ಆ ಮನೆಯಲ್ಲಿ ತಾರೀಕಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಮೊಟ್ಟೆ ಒಡೆದ ದಿನ ಗೊತ್ತಿದ್ದರೆ ಉಳಿದದ್ದೆಲ್ಲ ಗೊತ್ತಾದ ಹಾಗೆ. ರೈತರಿಗೆ ಫೋನ್ ಯಾವತ್ತು ಮಾಡಬೇಕು, ಅವರು ಹುಳು ಮನೆ ತೊಳೆದು ಬ್ಲೀಚಿಂಗ್ ಹೊಡೆಯಬೇಕಾದ್ದು ಯಾವತ್ತು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವುದು ಯಾವತ್ತು, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವುದು ಯಾವತ್ತು, ಎಲ್ಲ ಆ ಒಂದು ದಿನದಿಂದ ಎಣಿಕೆ. ಚಿಕ್ಕಪ್ಪ ಇದನ್ನೆಲ್ಲ ಒಂದು ಉದ್ದದ ಲೆಕ್ಕದ ಪುಸ್ತಕದಲ್ಲಿ ಇಡಿಸಿದ್ದರು. ಬರೆಯುತ್ತಿದ್ದವರು ಅಲ್ಲೇ ಕೆಲಸ ಮಾಡುವ ಒಬ್ಬರು ಅಕ್ಕ. ಅಕ್ಷರ ಮುತ್ತಿನ ಹಾಗೆ.

ನಾನು ಚಿಕ್ಕಬಳ್ಳಾಪುರದಲ್ಲಿ ಇದ್ದುಕೊಂಡು ಅಂಗಡಿಗಳಿಗೆ, ಸಣ್ಣ ಆಫೀಸುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. 2022ರ ಬೇಸಿಗೆಯಲ್ಲಿ ಚಿಕ್ಕಪ್ಪ ಕೇಳಿದರು. "ಈ ಲೆಕ್ಕವನ್ನು ಮೊಬೈಲಲ್ಲಿ ನೋಡೋ ಹಾಗೆ ಮಾಡ್ಕೊಡು ಮಗಾ. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಯಾರಿಗೆ ಫೋನ್ ಮಾಡಬೇಕು ಅಂತ ಕಾಣಬೇಕು, ಸಾಕು." ಅಷ್ಟೇ ತಾನೇ ಅಂತ ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಭಾಷೆ), ಮೈಎಸ್‌ಕ್ಯೂಎಲ್ (ಲೆಕ್ಕ ಕೂಡಿಡುವ ಡೇಟಾಬೇಸ್) ಇಟ್ಟುಕೊಂಡು ಎರಡು ವಾರದಲ್ಲಿ ಮಾಡಿಕೊಟ್ಟೆ. ಒಂದು ಫಾರಂ. ರೈತರ ಹೆಸರು, ಊರು, ಫೋನ್, ಎಷ್ಟು ಮೊಟ್ಟೆ, ಒಡೆದ ದಿನ. ದಿನ ಬರೆಯಲು ಸುಮ್ನೆ ಒಂದು ಖಾಲಿ ಡಬ್ಬ. ಅದರಲ್ಲಿ ಏನು ಬರೆದರೂ ಪಿಎಚ್‌ಪಿಯ ಸ್ಟ್ರ್‌ಟೋಟೈಮ್ ಎಂಬ ಫಂಕ್ಷನ್‌ಗೆ ಕೊಡುವುದು, ಅದು ಅರ್ಥ ಮಾಡಿಕೊಂಡ ತಾರೀಕನ್ನು ಡೇಟಾಬೇಸಿನಲ್ಲಿ ಇಡುವುದು. ನಾನು 25-04-2022 ಅಂತ ಹಾಕಿ ನೋಡಿದೆ. ಸರಿಯಾಗಿ ಏಪ್ರಿಲ್ 25 ಅಂತ ಕೂತಿತು. ಇನ್ನೆರಡು ತಾರೀಕು ಹಾಕಿದೆ, ಅವೂ ಸರಿ. ಜೂನ್ 1ರಿಂದ ಬಳಸಲು ಕೊಟ್ಟೆ. ಮೊದಲ ಒಂದು ವಾರ ಅಕ್ಕ ಪುಸ್ತಕದಲ್ಲೂ ಬರೆದು, ಫಾರಂನಲ್ಲೂ ತುಂಬಿ, ಪುಸ್ತಕ ನೋಡಿಯೇ ಫೋನ್ ಮಾಡಿದರು. ಆಮೇಲೆ ಪಟ್ಟಿ ನೋಡಿ ಫೋನ್ ಮಾಡಲು ಶುರು ಮಾಡಿದರು.

ಜೂನ್ 10, ಶುಕ್ರವಾರ ಸಂಜೆ. ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ. ಚಿಕ್ಕಪ್ಪ ಹುಳುವಿನ ಕೋಣೆಗೆ ಹೋದರೆ ಒಂದು ಸಾಲಿನ ಟ್ರೇಗಳಲ್ಲಿ ಹುಳು ಜ್ವರಕ್ಕೆ ಕೂತುಬಿಟ್ಟಿದೆ. 200 ಮೊಟ್ಟೆಯ ಹುಳು. ರೇಷ್ಮೆಯವರು ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಅದರಲ್ಲಿ ಸುಮಾರು 400ರಿಂದ 500 ಹುಳು. 200 ಮೊಟ್ಟೆ ಅಂದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಟ್ರೇ ಮೇಲಿನ ಚೀಟಿ ನೋಡಿ ಚಿಂತಾಮಣಿ ಕಡೆಯ ಆ ರೈತರಿಗೆ ಫೋನ್ ಮಾಡಿದರು. "ಫೋನ್ ಬರಲಿಲ್ಲವಲ್ಲಣ್ಣಾ, ನಾನು ಇನ್ನೂ ಎರಡು ದಿನ ಇದೆ ಅಂದುಕೊಂಡಿದ್ದೆ" ಅಂದರಂತೆ. ಅವರ ಹುಳು ಮನೆ ಇನ್ನೂ ತೊಳೆದಿರಲಿಲ್ಲ. ಅವರು ರಾತ್ರಿಯೆಲ್ಲ ಮನೆ ತೊಳೆದು, ಬ್ಲೀಚಿಂಗ್ ಹೊಡೆದು ಒಣಗಿಸಬೇಕಾಯಿತು. ಅಷ್ಟರಲ್ಲಿ ಹುಳು ಇಲ್ಲೇ ಜ್ವರದಿಂದ ಎದ್ದಿತು. ಎದ್ದ ಹುಳುವಿಗೆ ಜಾಗವೂ ಜಾಸ್ತಿ ಬೇಕು, ಸೊಪ್ಪೂ ಜಾಸ್ತಿ ಬೇಕು. ಮುಂದಿನ ಬ್ಯಾಚಿಗೆ ಇಟ್ಟಿದ್ದ ಸೊಪ್ಪನ್ನು ಕೊಯ್ದು ಹಾಕಿದರು. ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. "ನಾಳೆ ಬಂದು ನೋಡು" ಅಂದರು, ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹದಿನೈದು ವರ್ಷದಿಂದ ಅವರು ಕಾಪಾಡಿಕೊಂಡು ಬಂದ ಮಾತು ನನ್ನ ಒಂದು ಡಬ್ಬದಿಂದ ತಪ್ಪಿತ್ತು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಡೇಟಾಬೇಸ್ ತೆರೆದು ಒಡೆದ ದಿನದ ಕಾಲಂ ನೋಡಿದೆ. ಒಂದರ ಕೆಳಗೆ ಒಂದು ಹೀಗಿತ್ತು: 2022-01-06, 2022-03-06, 2022-04-06, 2022-06-06, 2022-08-06. ಎಲ್ಲ ಹುಳುವೂ ಬೇರೆ ಬೇರೆ ತಿಂಗಳ 6ನೇ ತಾರೀಕಿಗೇ ಹುಟ್ಟಿದ ಹಾಗೆ! ಪಕ್ಕದಲ್ಲಿ ಅಕ್ಕನ ಪುಸ್ತಕ ಇಟ್ಟುಕೊಂಡೆ. ಅದರಲ್ಲಿ 01/06/2022, 03/06/2022, 04/06/2022. ಆಗ ಕಣ್ಣು ತೆರೆಯಿತು. ಅಕ್ಕ ಜೂನ್ 3 ಅಂತ ಬರೆದದ್ದನ್ನು ಕಂಪ್ಯೂಟರ್ ಮಾರ್ಚ್ 6 ಅಂತ ಓದಿತ್ತು. ಜೂನ್ 6 ಮಾತ್ರ ಎರಡು ಕಡೆಯಿಂದ ಓದಿದರೂ ಒಂದೇ ಆದ್ದರಿಂದ ಸರಿಯಾಗಿತ್ತು.

ಪಿಎಚ್‌ಪಿಯ ಕೈಪಿಡಿಯಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. ತಾರೀಕಿನ ನಡುವೆ ಓರೆಗೆರೆ ಇದ್ದರೆ ಅಮೆರಿಕದವರ ಹಾಗೆ ತಿಂಗಳು ಮೊದಲು ಅಂತ ಓದುತ್ತದೆ. ಅಡ್ಡಗೆರೆ ಅಥವಾ ಚುಕ್ಕೆ ಇದ್ದರೆ ದಿನ ಮೊದಲು ಅಂತ ಓದುತ್ತದೆ. ನಾನು ಪರೀಕ್ಷೆ ಮಾಡಿದ್ದು ಅಡ್ಡಗೆರೆ ಹಾಕಿ. ಅಕ್ಕನಿಗೆ ಶಾಲೆಯಿಂದ ಬಂದ ರೂಢಿ ಓರೆಗೆರೆ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಬರೆಯುವುದೇ ಹಾಗೆ ಅಲ್ವಾ? ನನ್ನ ರೂಢಿಯನ್ನೇ ಎಲ್ಲರ ರೂಢಿ ಅಂದುಕೊಂಡದ್ದು ನನ್ನ ತಪ್ಪು.

ಇನ್ನೂ ಇತ್ತು. ಅಕ್ಕ ಬಿಡುವಿನಲ್ಲಿ ಮಾರ್ಚ್‌ನಿಂದ ಮೇವರೆಗಿನ ಹಳೆಯ ಲೆಕ್ಕವನ್ನೂ ಸೇರಿಸಿದ್ದರು. ಅದರಲ್ಲಿ 24/05/2022ರಂಥವು ಎಲ್ಲ 1970-01-01 ಆಗಿದ್ದವು. 24ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಫಂಕ್ಷನ್ "ಗೊತ್ತಾಗಲಿಲ್ಲ" ಅಂತ ಹೇಳಿತ್ತು. ಆ ಉತ್ತರವನ್ನು ನಾನು ನೋಡದೆ ಹಾಗೇ ಮುಂದೆ ದಾಟಿಸಿದ್ದೆ. ಅದು ಸೊನ್ನೆ ಆಯಿತು. ಯೂನಿಕ್ಸ್ ಲೆಕ್ಕದಲ್ಲಿ ಕಾಲ ಶುರುವಾಗುವುದೇ 1970ರ ಜನವರಿ 1ರಿಂದ, ಸೊನ್ನೆ ಅಂದರೆ ಆ ದಿನ. ಇವು ಕಣ್ಣಿಗೆ ಬೀಳುವ ತಪ್ಪುಗಳು, ಹಾಗಾಗಿ ಇವುಗಳ ಭಯ ಕಡಿಮೆ.

ಭಯ ಆದದ್ದು ಚಿಕ್ಕಪ್ಪ ತುಂಬಿದ ಸಾಲುಗಳನ್ನು ನೋಡಿ. ಅವರು ಚುಕ್ಕೆ ಇಟ್ಟು, ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುತ್ತಾರೆ. 10.05.22 ಅಂತ. ಇದನ್ನು ಸ್ಟ್ರ್‌ಟೋಟೈಮ್ ತಾರೀಕು ಅಂತಲೇ ಓದುವುದಿಲ್ಲ. ಹತ್ತು ಗಂಟೆ ಐದು ನಿಮಿಷ ಇಪ್ಪತ್ತೆರಡು ಸೆಕೆಂಡ್ ಅಂತ ಓದುತ್ತದೆ! ತಾರೀಕು ಹೇಳಿಲ್ಲವಾದ್ದರಿಂದ ಇವತ್ತಿನ ತಾರೀಕು ಹಾಕಿಕೊಳ್ಳುತ್ತದೆ. ಅಂದರೆ ಚಿಕ್ಕಪ್ಪ ಹಳೆಯ ಲೆಕ್ಕ ತುಂಬಿದ ದಿನವೇ ಆ ಎಲ್ಲ ಮೊಟ್ಟೆ ಒಡೆದ ದಿನವಾಗಿ ಕೂತಿತ್ತು. ನೋಡಲು ಏನೂ ತಪ್ಪಿಲ್ಲದ, ಚೆಂದದ ತಾರೀಕುಗಳು. ಇಂಥವನ್ನು ಹುಡುಕುವುದೇ ಕಷ್ಟ.

ಇಷ್ಟಾದ ಮೇಲೆ ಸರಿ ಮಾಡಲು ಕೂತೆ. ಮುನ್ನೂರಕ್ಕೂ ಜಾಸ್ತಿ ಸಾಲು. ದಿನವನ್ನೂ ತಿಂಗಳನ್ನೂ ಅದಲು ಬದಲು ಮಾಡುವ ಒಂದು ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ) ಬರೆದು ಮುಗಿಸೋಣ ಅಂತ ಮೊದಲು ಅನ್ನಿಸಿತು. ಕೈ ಹಾಕಲಿಲ್ಲ, ಒಳ್ಳೆಯದಾಯಿತು. ಯಾಕೆಂದರೆ ಕೆಲವನ್ನು ನಾನೇ ಅಡ್ಡಗೆರೆ ಹಾಕಿ ತುಂಬಿದ್ದೆ, ಅವು ಸರಿಯಾಗಿದ್ದವು. ಅವನ್ನೂ ತಿರುಗಿಸಿದ್ದರೆ ಸರಿ ಇದ್ದದ್ದೂ ಕೆಡುತ್ತಿತ್ತು. ಅಕ್ಕ ಡಬ್ಬದಲ್ಲಿ ಏನು ಬರೆದಿದ್ದರೋ ಅದನ್ನು ಬರೆದ ಹಾಗೆ ಇಟ್ಟುಕೊಂಡಿದ್ದರೆ ಕೆಲಸ ಸುಲಭವಿತ್ತು. ನಾನು ಇಟ್ಟಿರಲಿಲ್ಲ. ಈಗ ಹಳೆಯ ಲೆಕ್ಕ ಸೇರಿಸುವಾಗೆಲ್ಲ ಬರೆದದ್ದನ್ನು ಬರೆದ ಹಾಗೆ ಉಳಿಸುವ ಒಂದು ಕಾಲಂ ಇಟ್ಟೇ ಇಡುತ್ತೇನೆ.

ಉಳಿದದ್ದು ಪುಸ್ತಕ ಒಂದೇ. ಮೊದಲು ಇಡೀ ಟೇಬಲ್ಲಿನ ಒಂದು ನಕಲು ತೆಗೆದಿಟ್ಟೆ. ಆಮೇಲೆ ಎರಡು ಸಂಜೆ ಕೂತು ಅಕ್ಕ ಓದುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. "ಮೇ ಹನ್ನೆರಡು, ಗುರುವಾರ. ಬರಕೋ ತಮ್ಮಾ." ಅವರು ವಾರ ಯಾಕೆ ಹೇಳುತ್ತಿದ್ದಾರೆ ಅಂತ ಪುಸ್ತಕಕ್ಕೆ ಬಗ್ಗಿ ನೋಡಿದೆ. ಪ್ರತಿ ತಾರೀಕಿನ ಪಕ್ಕ ಸಣ್ಣದಾಗಿ ಒಂದೊಂದು ಅಕ್ಷರ. ಸೋ, ಮಂ, ಬು, ಗು. ನಾನು ಫಾರಂ ಮಾಡುವಾಗ ಈ ಪುಸ್ತಕವನ್ನು ಹತ್ತು ಸಲ ನೋಡಿದ್ದೆ. ಈ ಅಕ್ಷರ ಕಣ್ಣಿಗೆ ಬಿದ್ದಿರಲಿಲ್ಲ, ಬಿದ್ದಿದ್ದರೂ ಬೇಡದ್ದು ಅಂತ ಬಿಟ್ಟಿರುತ್ತಿದ್ದೆ. "ಇದು ಯಾಕೆ ಬರೀತೀರಕ್ಕಾ?" ಅಂತ ಕೇಳಿದೆ. "ಅಂಕಿ ಕೈ ತಪ್ಪುತ್ತೆ. ವಾರ ತಪ್ಪಲ್ಲ. ಇವತ್ತು ಯಾವ ವಾರ ಅಂತ ಎಲ್ಲರಿಗೂ ಗೊತ್ತಿರುತ್ತೆ ತಾನೇ" ಅಂದರು.

ಅದರ ಬೆಲೆ ಮುಂದಿನ ಪುಟದಲ್ಲೇ ಗೊತ್ತಾಯಿತು. ಮೇ ತಿಂಗಳ ಒಂದು ಪುಟದ ಮೇಲೆ ಒದ್ದೆ ಸೊಪ್ಪಿನ ನೀರು ಬಿದ್ದು ಶಾಯಿ ಹರಡಿತ್ತು. ಒಂದು ಸಾಲಿನಲ್ಲಿ ತಾರೀಕು ಪೂರ್ತಿ ಹೋಗಿ, "ಶು" ಮಾತ್ರ ಉಳಿದಿತ್ತು. ಮೇಲಿನ ಸಾಲು ಮೇ 9, ಕೆಳಗಿನದು ಮೇ 15. ಅವೆರಡರ ನಡುವೆ ಶುಕ್ರವಾರ ಒಂದೇ, ಮೇ 13. ಒಂದು ಅಕ್ಷರದಿಂದ ಒಂದು ತಾರೀಕು ವಾಪಸ್ ಬಂತು. ನನಗೆ ನಿಜವಾಗಿಯೂ ಕೈ ಮುಗಿಯಬೇಕು ಅನ್ನಿಸಿತು.

ಅದೇ ಪುಟದಲ್ಲಿ ಎರಡು ಸಾಲು ಏನು ಮಾಡಿದರೂ ಓದಲು ಬರಲಿಲ್ಲ. ಚಿಕ್ಕಪ್ಪ "ಅಂದಾಜಿಗೆ ಒಂದು ಹಾಕಿಬಿಡು" ಅಂದರು. ನಾನು ಒಪ್ಪಲಿಲ್ಲ. ಅಂದಾಜಿನ ತಾರೀಕನ್ನು ಒಮ್ಮೆ ಡೇಟಾಬೇಸಿನಲ್ಲಿ ಇಟ್ಟರೆ ಅದು ನಿಜವಾದ ತಾರೀಕಿನ ಹಾಗೇ ಕಾಣುತ್ತದೆ. ಮುಂದಿನ ವರ್ಷ ನೋಡುವವರಿಗೆ ಯಾವುದು ಅಂದಾಜು, ಯಾವುದು ಬರೆದದ್ದು ಅಂತ ಹೇಗೆ ಗೊತ್ತಾಗಬೇಕು? ಆ ಎರಡನ್ನೂ ಖಾಲಿ ಬಿಟ್ಟೆ. ಖಾಲಿ ಅಂದರೆ ಮೈಎಸ್‌ಕ್ಯೂಎಲ್‌ನ ನಲ್, ಇಲ್ಲಿ ಏನೂ ಇಲ್ಲ ಅನ್ನುವ ಗುರುತು. ಸೊನ್ನೆಗಳನ್ನು ಸಾಲಾಗಿ ಇಟ್ಟ ತಾರೀಕೂ ಅಲ್ಲ, 1970ರ ಜನವರಿ 1 ಕೂಡ ಅಲ್ಲ.

ಇನ್ನು ಹೊಸ ಫಾರಂ. ಬ್ರೌಸರಿನಲ್ಲೇ ಬರುವ ಕ್ಯಾಲೆಂಡರ್ ಡಬ್ಬ ಇದೆಯಲ್ಲ, ಎಚ್‌ಟಿಎಂಎಲ್‌ನ ಡೇಟ್ ಇನ್‌ಪುಟ್, ಮೊದಲು ಅದನ್ನು ಹಾಕಿದೆ. ಅದರ ಒಂದು ಗುಣ ನನಗೆ ಬಹಳ ಇಷ್ಟ. ಪರದೆ ಮೇಲೆ ಹೇಗೇ ತೋರಿಸಲಿ, ಸರ್ವರಿಗೆ ಕಳಿಸುವುದು ಮಾತ್ರ ಯಾವಾಗಲೂ ವರ್ಷ-ತಿಂಗಳು-ದಿನ, 2022-06-07ರ ಹಾಗೆ. 1988ರಲ್ಲಿ ಬಂದ ಐಎಸ್‌ಒ 8601 ಮಾನದಂಡದ ಕ್ರಮ ಅದು. ಮೈಎಸ್‌ಕ್ಯೂಎಲ್ ಕೇಳುವುದೂ ಇದನ್ನೇ. ಅಕ್ಕನ ಮೊಬೈಲಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ತೆರೆದರೆ ಡಬ್ಬದಲ್ಲಿ ತಿಂಗಳು ಮೊದಲು, ದಿನ ಆಮೇಲೆ! ತೋರಿಸುವ ಕ್ರಮ ಬ್ರೌಸರಿನ ಭಾಷೆಯ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಅಲ್ಲಿ ಅಮೆರಿಕದ ಇಂಗ್ಲಿಷ್ ಇತ್ತು. ಅಕ್ಕ ವೇಗವಾಗಿ 07, 06 ಅಂತ ಒತ್ತಿದರೆ ಮತ್ತೆ ಜುಲೈ 6. ನಾನು ಆ ಒಂದು ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಬಹುದಿತ್ತು. ಆದರೆ ನಾಳೆ ಇನ್ನೊಂದು ಕಂಪ್ಯೂಟರ್ ಬರುತ್ತದೆ.

ಕ್ಯಾಲೆಂಡರ್ ತೆಗೆದು ಮೂರು ಡಬ್ಬ ಮಾಡಿದೆ. ದಿನಕ್ಕೆ ಅಂಕಿ. ತಿಂಗಳಿಗೆ ಹೆಸರು, ಜನವರಿ, ಫೆಬ್ರವರಿ ಅಂತ ಕನ್ನಡದಲ್ಲೇ ಆರಿಸುವ ಹಾಗೆ. ವರ್ಷಕ್ಕೆ ನಾಲ್ಕು ಅಂಕಿ. ತಿಂಗಳು ಅಕ್ಷರದಲ್ಲಿ ಇದ್ದರೆ ಅದಲು ಬದಲಿನ ಮಾತೇ ಬರುವುದಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ತುಂಬಿದ್ದು ಕಾಣುತ್ತದೆ: "ಮಂಗಳವಾರ, 7 ಜೂನ್ 2022." ವಾರ ಮೊದಲು. ಇದು ಅಕ್ಕನ ಪುಸ್ತಕದಿಂದ ತಂದದ್ದು. ಆ ಇಡೀ ಫಾರಂನಲ್ಲಿ ನಾನು ತುಂಬ ಮನಸ್ಸಿಟ್ಟು ಮಾಡಿದ್ದು ಆ ಒಂದು ಸಾಲು.

ಸರ್ವರಿನಲ್ಲಿ ಊಹೆ ಮಾಡುವ ಫಂಕ್ಷನ್ನನ್ನು ಪೂರ್ತಿ ತೆಗೆದೆ. ಮೂರು ಅಂಕಿ ಬರುತ್ತವೆ, ಅವನ್ನು ಇಂಥ ತಾರೀಕು ಇದೆಯೇ ಅಂತ ನೋಡುವ ಚೆಕ್‌ಡೇಟ್ ಎಂಬ ಫಂಕ್ಷನ್‌ಗೆ ಕೊಡುತ್ತೇನೆ. ಜೂನ್ 31 ಅಂತ ಕೊಟ್ಟರೆ ಅದು ಇಂಥ ದಿನ ಇಲ್ಲ ಅನ್ನುತ್ತದೆ. ಇದು ಮುಖ್ಯ. ಪಿಎಚ್‌ಪಿಯಲ್ಲಿ ನಿರ್ದಿಷ್ಟ ಕ್ರಮ ಹೇಳಿ ತಾರೀಕು ಓದಿಸುವ ಇನ್ನೊಂದು ವಿಧಾನವೂ ಇದೆ. ಅದು ಜೂನ್ 31 ಕೊಟ್ಟರೆ ತಕರಾರಿಲ್ಲದೆ ಜುಲೈ 1 ಮಾಡಿಕೊಂಡು ಮುಂದೆ ಹೋಗುತ್ತದೆ. ಎಚ್ಚರಿಕೆಯನ್ನು ನಾವೇ ಕೇಳಿ ನೋಡಬೇಕು. ಚೆಕ್‌ಡೇಟ್ ದಾಟಿದ ಮೇಲೆ ನಾಲ್ಕು, ಎರಡು, ಎರಡು ಅಂಕಿಯಾಗಿ ಜೋಡಿಸಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆದೇಶವನ್ನೂ ತುಂಬಿದ್ದನ್ನೂ ಬೇರೆ ಬೇರೆಯಾಗಿ ಕಳಿಸುವ ವಿಧಾನ) ಮೂಲಕ ಡೇಟ್ ಕಾಲಂಗೆ ಹಾಕುವುದು. ಗಂಟೆ ನಿಮಿಷ ಬೇಡದ ಕಡೆ ಡೇಟ್‌ಟೈಮ್ ಬಳಸಲಿಲ್ಲ.

ಚೆಕ್‌ಡೇಟ್‌ಗೆ ಗೊತ್ತಿಲ್ಲದ್ದೂ ಇದೆ. ಜನವರಿ 6 ಒಂದು ಒಳ್ಳೆಯ ತಾರೀಕೇ. ಆದರೆ ಜೂನ್‌ನಲ್ಲಿ ಕೂತು ಜನವರಿ ಹುಳುವನ್ನು ಯಾರೂ ತುಂಬುವುದಿಲ್ಲ. ಹಾಗಾಗಿ ಕಸುಬಿನ ಲೆಕ್ಕ ಸೇರಿಸಿದೆ. ಒಡೆದ ದಿನ ನಾಳೆಯದ್ದು ಆಗುವ ಹಾಗಿಲ್ಲ. ಹತ್ತು ದಿನಕ್ಕಿಂತ ಹಿಂದಿನದಾದರೆ "ಹಳೆಯ ಲೆಕ್ಕವೇ?" ಅಂತ ಒಂದು ಸಲ ಕೇಳುತ್ತದೆ. ಹುಳು ಕೊಟ್ಟ ದಿನ ಒಡೆದ ದಿನಕ್ಕೆ ಆರು ದಿನಕ್ಕಿಂತ ಹತ್ತಿರವಿದ್ದರೂ, ಹತ್ತು ದಿನಕ್ಕಿಂತ ದೂರವಿದ್ದರೂ ಕೇಳುತ್ತದೆ. ಈ ಎರಡು ಅಂಕಿ ಹೇಳಿದ್ದು ಚಿಕ್ಕಪ್ಪ. ಚಳಿಗಾಲದಲ್ಲಿ ಹುಳು ಸ್ವಲ್ಪ ನಿಧಾನ, ಅದಕ್ಕೆ ಜಾಗ ಬಿಡು ಅಂತಲೂ ಹೇಳಿದರು.

ಒಂದು ದಿನ ದಿನದ ಡಬ್ಬಕ್ಕೆ ಕನ್ನಡ ಅಂಕಿ ಬಂತು, ೧೨ ಅಂತ. ಚಿಕ್ಕಪ್ಪನ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇತ್ತು. ಪಿಎಚ್‌ಪಿ ಅದನ್ನು ಅಂಕಿ ಅಂತ ಗುರುತಿಸದೆ ಸೊನ್ನೆ ಮಾಡಿತು, ಚೆಕ್‌ಡೇಟ್ ತಡೆಯಿತು. ಕನ್ನಡದವರಿಗೆ ಮಾಡಿದ ಫಾರಂ ಕನ್ನಡ ಅಂಕಿಯನ್ನು ಬೇಡ ಅನ್ನಬಾರದು. ೦ಯಿಂದ ೯ರವರೆಗೆ ಹತ್ತು ಅಂಕಿಯನ್ನು ಬದಲಾಯಿಸುವ ಒಂದು ಸಾಲು ಸೇರಿಸಿದೆ, ಮುಗಿಯಿತು.

ಇದಾದ ಮೇಲೂ ಒಂದು ಉಳಿದಿತ್ತು. ಫಾರಂ ತೆರೆದಾಗ ಇವತ್ತಿನ ತಾರೀಕು ತಾನಾಗಿ ತುಂಬಿರಲಿ ಅಂತ ಮಾಡಿದ್ದೆ. ಒಂದು ವಾರ ಕಳೆದು ಅಕ್ಕ ಹೇಳಿದರು, "ತಮ್ಮಾ, ಬೆಳಿಗ್ಗೆ ತೆರೆದರೆ ನಿನ್ನೆ ವಾರ ತೋರಿಸುತ್ತೆ. ತಿಂಡಿ ಆದ ಮೇಲೆ ತೆರೆದರೆ ಸರಿ ಇರುತ್ತೆ." ಮೊಟ್ಟೆ ಎಲ್ಲ ಒಟ್ಟಿಗೆ ಒಡೆಯಲಿ ಅಂತ ಅದನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ಟು, ಬೆಳಗಿನ ಜಾವ ಬೆಳಕಿಗೆ ತೆಗೆಯುತ್ತಾರೆ. ಅಕ್ಕ ಫಾರಂ ತುಂಬುವುದು ಆ ಹೊತ್ತಿಗೆ, ಐದು ಗಂಟೆಗೆ. ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ಜಗತ್ತಿಗೆಲ್ಲ ಮೂಲವಾಗಿ ಇಟ್ಟುಕೊಂಡ ಸಮಯದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಬೆಳಿಗ್ಗೆ ಐದು ಅಂದರೆ ಅಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ನಾನು ಯಾವತ್ತೂ ಬೆಳಿಗ್ಗೆ ಐದಕ್ಕೆ ಕೂತು ಪರೀಕ್ಷೆ ಮಾಡಿದವನಲ್ಲ. ಪಿಎಚ್‌ಪಿಗೆ ಏಷ್ಯಾ/ಕೋಲ್ಕತಾ ಅಂತಲೂ, ಮೈಎಸ್‌ಕ್ಯೂಎಲ್ ಸಂಪರ್ಕಕ್ಕೆ +05:30 ಅಂತಲೂ ಹೇಳಿದೆ, ಸರಿಹೋಯಿತು.

ಅದೇ ಐದೂವರೆ ಗಂಟೆ, ಬ್ರೌಸರಿನ ಒಳಗೆ ಓಡುವ ಜಾವಾಸ್ಕ್ರಿಪ್ಟಿನಲ್ಲೂ ಅಡಗಿತ್ತು. ಹುಳು ಕೊಡುವ ದಿನವನ್ನು ಬ್ರೌಸರಿನಲ್ಲಿ ಎಣಿಸಿ, ಟುಐಎಸ್‌ಒಸ್ಟ್ರಿಂಗ್ ಬಳಸಿ ಬರೆಸುತ್ತಿದ್ದೆ. ಅದು ಯುಟಿಸಿಗೆ ತಿರುಗಿಸಿಯೇ ಬರೆಯುತ್ತದೆ. ನಮ್ಮ ಮಧ್ಯರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಹಾಗಾಗಿ ಒಂದು ದಿನ ಹಿಂದೆ ಬರೆಯುತ್ತಿತ್ತು. ಆ ಎಣಿಕೆಯನ್ನು ಡೇಟಾಬೇಸಿಗೇ ಬಿಟ್ಟೆ. ಡೇಟ್ ಕಾಲಂಗೆ ಏಳು ದಿನ ಕೂಡಿಸುವುದರಲ್ಲಿ ಗಂಟೆಯ ಮಾತೇ ಇಲ್ಲ.

ರೈತರ ಹುಟ್ಟಿದ ದಿನ ಅಂತ ಒಂದು ಡಬ್ಬವೂ ಮೊದಲ ಫಾರಂನಲ್ಲಿತ್ತು. ಎಲ್ಲ ಫಾರಂನಲ್ಲೂ ಇರುತ್ತದಲ್ಲ ಅಂತ ಹಾಕಿದ್ದೆ. ವಯಸ್ಸಾದವರು "ಅರವತ್ತರ ಮೇಲಾಯ್ತು" ಅನ್ನುತ್ತಾರೆ, ಅಕ್ಕ ಜನವರಿ 1 ಅಂತ ತುಂಬುತ್ತಾರೆ. ಆ ತಾರೀಕಿನಿಂದ ಚಾಕಿ ಕೇಂದ್ರಕ್ಕೆ ಏನೂ ಆಗಬೇಕಾಗಿಲ್ಲ. ಡಬ್ಬವನ್ನೇ ತೆಗೆದುಹಾಕಿದೆ.

ಚಿಂತಾಮಣಿಯ ಆ ರೈತರು ಮುಂದಿನ ಬೆಳೆಗೂ ಚಿಕ್ಕಪ್ಪನ ಹತ್ತಿರವೇ ಬಂದರು. ಅವತ್ತು ನಾನು ಅಲ್ಲೇ ಇದ್ದೆ. ಅಕ್ಕ ಪಟ್ಟಿ ತೆರೆದು, ಅವರಿಗೆ ಫೋನ್ ಹಚ್ಚಿ, ಪರದೆ ನೋಡಿ ಓದಿದರು. "ಅಣ್ಣಾ, ನಿಮ್ಮ ಹುಳು ಬುಧವಾರ ಜ್ವರಕ್ಕೆ ಕೂರುತ್ತೆ. ಬುಧವಾರ ಸಂಜೆ ಗಾಡಿ ತನ್ನಿ. ನಾಳೆಯೇ ಮನೆ ತೊಳೆದುಬಿಡಿ." ಫೋನ್ ಇಟ್ಟು ಉದ್ದದ ಪುಸ್ತಕ ತೆರೆದರು. ಅದನ್ನು ಅವರು ಇನ್ನೂ ಬಿಟ್ಟಿಲ್ಲ, ನಾನೂ ಬಿಡಿ ಅಂದಿಲ್ಲ. ತಾರೀಕು ಬರೆದು, ಪಕ್ಕದಲ್ಲಿ ಸಣ್ಣದಾಗಿ "ಬು" ಅಂತ ಬರೆದರು.